ಅಮ್ಮನ ಮೊಣಗಂಟು, ನನ್ನ ಮರ್ಯಾದೆ

ಹೆತ್ತ ತಾಯಿಯನ್ನು ನೋಡಿಕೊಳ್ಳುವುದು ಹೇಗೆಂದು ಇಡೀ ಪರ್ಕಳದಲ್ಲಿ ಗೊತ್ತಿರುವುದು ನನಗೊಬ್ಬನಿಗೇ ಎಂದು ನಾನು ನಂಬಿದ್ದ ಕಾಲವದು. ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುತ್ತಿದ್ದ ಮಗಳು ಒಂದು ದಿನ ಹೇಳಿದಳು: "ಅಪ್ಪಾ, ಅಜ್ಜಿಯ ಗಂಟುನೋವನ್ನು ಪ್ರಾಯ ಅಂತ ಹೇಳಿ ಬಿಡುದಲ್ಲ. ಅದೂ ಒಂದು ಅಂಗವೈಕಲ್ಯವೇ. ಬೇಕಾದ ಸೌಕರ್ಯ ಮಾಡಿ ಕೊಡ್ಬೇಕು, ಅವರನ್ನೇ ಕೇಳಿ."

ಕೊನೆಯ ಎರಡು ಶಬ್ದ ನನ್ನ ಕಿವಿಗೆ ಬೀಳಲಿಲ್ಲ.

ಕಾಪುವಿನಲ್ಲಿ ದೊಡ್ಡಮ್ಮನ ಮನೆ ಗೃಹಪ್ರವೇಶ. ನಾನು ಕಾರಿನಲ್ಲಿ ಅಮ್ಮನನ್ನೂ ಮಗಳನ್ನೂ ಕೂರಿಸಿ, ಒಂದು ಕುರ್ಚಿ, ಎಲೆ ಇಡಲು ಒಂದು ಎತ್ತರದ ಸ್ಟೂಲು ಹೇರಿಕೊಂಡೇ ಹೊರಟೆ. ಅಮ್ಮ ಮತ್ತು ಅವಳ ಅಕ್ಕ, ಅಂದರೆ ದೊಡ್ಡಮ್ಮ, ಮದುವೆ, ಪೂಜೆ, ಯಾವ ಜಂಬರದಲ್ಲೂ ಪಕ್ಕಪಕ್ಕ ನೆಲದಲ್ಲೇ ಕೂತು ಉಂಡವರು. ಆ ಊಟಕ್ಕಾಗಿ ಅಮ್ಮ ವಾರದಿಂದ ಕಾದಿದ್ದಳು. ಬಾಳೆಲೆ ಹಾಕಿದ ಕೂಡಲೇ ನಾನು ಕುರ್ಚಿ ತಂದು ಅಲ್ಲಿಟ್ಟೆ.

"ಎಂತದಾ ಇದು?"

"ನಿಂಗೆ ಕೂರ್ಲಿಕ್ಕೆ ಅಮ್ಮಾ. ನಿನ್ನ ಗಂಟು..."

"ನನ್ನ ಗಂಟಿಗೆ ಎಂತ ಆಗಿದೆ? ಪ್ರಾಯ ಆಗಿದೆ. ಪ್ರಾಯ ಆದ್ರೆ ನೋಯ್ತದೆ. ಅದಕ್ಕೆ ಅಕ್ಕನ ತಲೆ ಮೇಲೆ ಕೂತು ಉಣ್ಬೇಕಾ ಮಾರಾಯ?"

"ಕೆಳಗೆ ಕೂತ್ರೆ ಏಳ್ಲಿಕ್ಕೆ ಆಗುದಿಲ್ಲ ನಿಂಗೆ!"

"ನಿಂಗೆ ಆಗ್ತದಾ?"

ಇಡೀ ಪಂಕ್ತಿ ನನ್ನನ್ನೇ ನೋಡಿತು. ಐವತ್ತೆರಡರ ತರುಣ ನಾನು! ಎದುರು ಸಾಲಿನಲ್ಲಿ ದಡಕ್ಕನೆ ಕೂತೇಬಿಟ್ಟೆ. ಮನೆಗೆ ಡೈನಿಂಗ್ ಟೇಬಲ್ ಬಂದ ಮೇಲೆ ನಾನು ನೆಲ ಮುಟ್ಟಿದವನಲ್ಲ ಎಂಬ ಸಂಗತಿ ಆಗ ನೆನಪಾಗಲಿಲ್ಲ.

ಸಾರಿನ ಹೊತ್ತಿಗೆ ಬಲಗಾಲು ಜೋಮು ಹಿಡಿಯಿತು. ಹೋಳಿಗೆಗೆ ಎಡಗಾಲು. ಪಾಯಸಕ್ಕಾಗುವಾಗ ಎರಡೂ ಬೇರೆ ಯಾರದೋ ಕಾಲುಗಳು! ಪಂಕ್ತಿ ಒಟ್ಟಿಗೆ ಏಳುವುದು ನಮ್ಮಲ್ಲಿನ ಕ್ರಮ. ಒಬ್ಬ ಕೂತಿದ್ದರೆ ಉಳಿದವರೂ ಕೂತಿರಬೇಕು. ಮಜ್ಜಿಗೆ ಮುಗಿದು ಹಿರಿಯರೊಬ್ಬರು "ಏಳುವನಾ?" ಎಂದರು. ನಾನು ಎದ್ದೆ. ಅಂದರೆ, ಏಳಬೇಕೆಂದು ನಿರ್ಣಯ ಮಂಡಿಸಿದೆ. ಶರೀರ ಅನುಮೋದಿಸಲಿಲ್ಲ!

ಆಸರೆಗೆಂದು ಎಡಗೈಗೆ ಸಿಕ್ಕಿದ್ದನ್ನು ಹಿಡಿದೆ. ಪಕ್ಕದವರು ಕಿರುಚಿದರು: "ಪಂಚೆ ಬಿಡಿ ಮಾರಾಯ್ರೇ!" ನಾನು ಇನ್ನೂ ಕೂತಿರುವುದನ್ನು ಕಂಡ ಬಡಿಸುವವರು, ಪಾಪ, ಹೊಟ್ಟೆ ತುಂಬಿಲ್ಲವೆಂದುಕೊಂಡು ಮತ್ತೊಂದು ಸೌಟು ಪಾಯಸ ಸುರಿದರು. ಚಪ್ಪರದ ಬಾಗಿಲಲ್ಲಿ ಎರಡನೆಯ ಪಂಕ್ತಿಯವರು ಹಸಿದುಕೊಂಡು ನನ್ನನ್ನೇ ದುರುಗುಟ್ಟುತ್ತಿದ್ದರು.

"ನೀವೆಲ್ಲ ಕೂತ್ಕೊಳ್ಳಿ, ಅವ ನನ್ನ ಮಗ" ಎಂದಳು ಅಮ್ಮ. ಓರೆಯಾಗಿ ತಿರುಗಿದಳು, ಒಂದು ಮೊಣಗಂಟು ನೆಲಕ್ಕೂರಿದಳು, ಅಕ್ಕನ ಹೆಗಲಿಗೆ ಕೈ ಕೊಟ್ಟಳು, ಎದ್ದೇಬಿಟ್ಟಳು! ಅಮ್ಮನ ಕೈ ಹಿಡಿದು ದೊಡ್ಡಮ್ಮನೂ ಎದ್ದಳು. ಪಂಕ್ತಿಯಲ್ಲಿ ಚಪ್ಪಾಳೆ! ನನಗೂ ಎಷ್ಟು ಹೆಮ್ಮೆಯಾಯಿತೆಂದರೆ, ಕೂತಲ್ಲೇ ಚಪ್ಪಾಳೆ ತಟ್ಟಿದೆ. ಇಬ್ಬರೂ ಗೆದ್ದ ಮುಖದಲ್ಲಿ ಬಂದು ನನ್ನ ಕೈಗೊಬ್ಬರಂತೆ ಹಿಡಿದು ಎಳೆದರು. ಮೇಲೆ ಬಂದೆ!

"ಎಂತ ಆಯ್ತು ಅವರಿಗೆ?" ಯಾರೋ ಗಾಬರಿಯಿಂದ ಕೇಳಿದರು.

"ಎಂತ ಇಲ್ಲ" ಎಂದಳು ಅಮ್ಮ, ಇಡೀ ಚಪ್ಪರಕ್ಕೆ ಕೇಳುವಂತೆ. "ಪ್ರಾಯ ಆಯ್ತು ಅವನಿಗೆ, ಅಷ್ಟೇ."

ಪ್ರಾಯ! ನನಗೆ! ಜೀವವೇ ಹೋದಂತಾಯಿತು. ಕುಂಟುತ್ತ ಕುಂಟುತ್ತ ಮಗಳ ಹತ್ತಿರ ಹೋಗಿ ಕೈಮುಗಿದೆ.

"ನೀನು ಕಲಿತವಳಲ್ವಾ, ಎಲ್ಲರಿಗೂ ಗಟ್ಟಿಯಾಗಿ ಹೇಳು ಮಗಾ, ಇದು ಪ್ರಾಯ ಅಲ್ಲ, ಅಂಗವೈಕಲ್ಯ ಅಂತ!"