ಹಾಡಿಲ್ಲದ ಕ್ಯಾಸೆಟ್ಟು

ತಬಲಾ ಹಿಡಿದವನನ್ನು ಜನ ಉಸ್ತಾದ ಅನ್ನುತ್ತಾರೆ, ಪಿಟೀಲು ಹಿಡಿದವನನ್ನು ಕಲಾವಿದ ಅನ್ನುತ್ತಾರೆ. ಆಳೆತ್ತರದ ಡಬಲ್ ಬೇಸ್ ಹೊತ್ತುಕೊಂಡು ಬಂದವನಿಗೆ ಮಾತ್ರ "ಅದರೊಳಗ ಏನದರಿ?" ಅಂತ ಕೇಳುತ್ತಾರೆ. ನಾನು ಆಳಂದದವನು. ಎಪ್ಪತ್ತು-ಎಂಬತ್ತರ ದಶಕ ಪೂರ್ತಿ ಮುಂಬೈಯಲ್ಲಿದ್ದೆ. ಹೋಟೆಲುಗಳಲ್ಲಿ ಜಾಝ್, ಸ್ಟುಡಿಯೋಗಳಲ್ಲಿ ಸಿನಿಮಾದ ಹಿನ್ನೆಲೆ ಸಂಗೀತ. ಅಲ್ಲಿ ನನ್ನ ಪಾಡಿಗೆ ನಾನಿರುತ್ತಿದ್ದೆ. ಊರಿಗೆ ಬಂದರೆ ಸಾಕು, ಒಂದಿಲ್ಲೊಂದು ಆಗಿಯೇ ತೀರುತ್ತಿತ್ತು.

ಗದ್ದದ ಕೆಳಗೆ

ಮೊದಲ ಸಲ ಬೇಸನ್ನು ಊರಿಗೆ ತಂದದ್ದು ಸೊಲ್ಲಾಪುರದ ಬಸ್ಸಿನಲ್ಲಿ. ಡ್ರೈವರು, ಕಂಡಕ್ಟರು, ಜೊತೆಗೆ ನಾಕಾರು ಪ್ರಯಾಣಿಕರು ಕೂಡಿ ಟಾಪಿನ ಮೇಲೆ ಏರಿಸಿದರು. ಆಳಂದದಲ್ಲಿ ಇಳಿಸುವಾಗ ರುಮಾಲು ಸುತ್ತಿದ ಹಿರಿಯರೊಬ್ಬರು ಅದೇನೆಂದು ವಿಚಾರಿಸಿದರು. ಪಿಟೀಲಿನ ಜಾತಿಯದೇ, ಸ್ವಲ್ಪ ದೊಡ್ಡದು ಅಂದೆ. ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನನ್ನ ಕುತ್ತಿಗೆ ನೋಡಿದರು.

"ಪಿಟೀಲು ಗದ್ದದ ಕೆಳಗ ಹಿಡೀತಾರಲ್ಲ. ಮುಂಬೈದಾಗ ಊಟ ಛಲೋ ಸಿಗ್ತದೇನು ತಮ್ಮಾ?"

ಅವ್ವ ಸಿನಿಮಾ ನೋಡಿದ್ದು

ನಾನು ಬಾರಿಸಿದ ಸಿನಿಮಾ ಜೇವರ್ಗಿಯ ಟೂರಿಂಗ್ ಟಾಕೀಸಿಗೆ ಬಂದಿತ್ತು. ಅವ್ವನನ್ನು ಕರೆದುಕೊಂಡು ಹೋದೆ. ಮಗ ಪರದೆಯ ಮೇಲೆ ಬರುತ್ತಾನೆಂದು ಆಕೆ ಕಣ್ಣು ಮಿಟುಕಿಸದೆ ಕೂತಿದ್ದಳು. ನಾನು ಕಾಣುವುದಿಲ್ಲ, ಕೇಳಿಸುತ್ತೇನೆ, ಖಳನಾಯಕ ಬಂದಾಗಲೆಲ್ಲ ಧುಮ್ ಧುಮ್ ಅನ್ನುವುದು ನಾನೇ ಅಂತ ತಿಳಿಸಿ ಹೇಳಿದೆ.

ಖಳನಾಯಕ ಬಂದ. ಅವ್ವ ಬಾಜೂಕಿನ ಹೆಣ್ಣುಮಗಳಿಗೆ ಹೆಮ್ಮೆಯಿಂದ ಹೇಳಿದಳು, "ನನ್ನ ಮಗ ಬಂದ ನೋಡ್ರಿ." ಅವನು ಬ್ಯಾಂಕು ದೋಚಿದ, ಮುದುಕನನ್ನು ಮೆಟ್ಟಿಲಿನಿಂದ ದಬ್ಬಿದ. ಒಂದೊಂದಕ್ಕೂ ಅವ್ವ "ಮತ್ತ ಬಂದ" ಅನ್ನುತ್ತಲೇ ಇದ್ದಳು. ಕೊನೆಗೆ ಪೊಲೀಸರು ಅವನ ಕೈಗೆ ಬೇಡಿ ಹಾಕಿದರು. ಆ ಹೆಣ್ಣುಮಗಳು ಅವ್ವನ ಕೈ ಹಿಡಿದು ಸಮಾಧಾನ ಹೇಳಿದಳು:

"ಮನಸಿಗಿ ಹಚ್ಕೋಬ್ಯಾಡ್ರಿ ಯಕ್ಕಾ. ಹೊರಗ ಬಂದಮ್ಯಾಲ ಸುಧಾರಿಸ್ತಾನ."

ಜಹಾಜಿನ ಅಳಿಯ

ಭೂಸನೂರ ಕಡೆಯ ಕಬ್ಬಿನ ರೈತರ ಮನೆಗೆ ಹೆಣ್ಣು ನೋಡಲು ಹೋದೆವು. ಹುಡುಗ ಜಾಝಿನಲ್ಲಿದ್ದಾನೆ ಅಂತ ಅಪ್ಪ ಹೇಳಿದ್ದು ಆ ಮನೆಯವರಿಗೆ ಜಹಾಜು, ಅಂದರೆ ಹಡಗು, ಅಂತ ಕೇಳಿಸಿತ್ತು. ಹುಡುಗಿಯ ಅಪ್ಪ ನನ್ನ ಕೆಲಸವೇನೆಂದು ಕೇಳಿದರು. ಹುಡುಗಿ ಆಗಲೇ ಬಾಗಿಲಲ್ಲಿ ಕಂಡಿದ್ದಳು. ನನಗೆ ಉಮೇದಿಯೋ ಉಮೇದಿ.

"ತಳಾ ಹಿಡಿಯೂದು ನಂದೇರಿ," ಅಂದೆ. "ಮ್ಯಾಲಿದ್ದವರು ಕುಣೀತಾರ, ಹಾರ್ತಾರ. ನಾ ಒಂದು ಕ್ಷಣ ಕೈ ಬಿಟ್ರ ಎಲ್ಲಾರೂ ಮುಳಗ್ತಾರ."

ಇಷ್ಟು ಜವಾಬ್ದಾರಿಯ ಹುಡುಗ ಸಿಗುವುದಿಲ್ಲವೆಂದು ಅವರು ಅಲ್ಲೇ ಸಕ್ಕರೆ ಹಂಚಿ ಸಂಬಂಧ ಪಕ್ಕಾ ಮಾಡಿಬಿಟ್ಟರು. ನಿಜ ಗೊತ್ತಾಗಿದ್ದು ಮದುವೆಯಾದ ಮೇಲೆ, ಮಾವ ಮುಂಬೈಗೆ ಬಂದಾಗ. ನಮ್ಮದು ಒಂದೇ ಕೋಣೆ. ಅದರಲ್ಲಿ ಅರ್ಧ ಜಾಗ ಬೇಸಿನದು, ಉಳಿದರ್ಧದಲ್ಲಿ ನಾವಿಬ್ಬರು. ಮಾವ ಕಾಲಿಡಲು ಜಾಗ ಹುಡುಕುತ್ತಾ ಅಂದರು:

"ಜಹಾಜ ಅಂದದ್ದೇನ ಸುಳ್ಳಲ್ಲ ಬಿಡ್ರಿ. ಅರ್ಧಾ ಸರಕು, ಅರ್ಧಾ ಮಂದಿ."

ಅಳಿಸಿಹೋದ ಹಾಡುಗಳು

ಸಿನಿಮಾಗಳಿಗೆಂದು ನಾನೂ ಚೂರುಪಾರು ಸಂಗೀತ ಕಟ್ಟಿ ಕೊಟ್ಟಿದ್ದೆ. ಭೂತಬಂಗಲೆಗೊಂದು, ಕಾರುಗಳ ಬೆನ್ನಟ್ಟುವಿಕೆಗೊಂದು, ಬಾಂಬು ಸಿಡಿಯುವ ಮೊದಲಿಗೊಂದು. ಅವನ್ನೆಲ್ಲ ಕೂಡಿಸಿ, ಯಾವಾಗಲೂ ಹಿಂದಿರುತ್ತಿದ್ದ ಬೇಸನ್ನು ಮುಂದೆ ತಂದು, ಗೆಳೆಯರ ಜೊತೆ ಜಾಝ್ ಧಾಟಿಯಲ್ಲಿ ನನ್ನದೇ ಒಂದು ಕ್ಯಾಸೆಟ್ಟು ಮಾಡಿದೆ. ಕವರಿನ ಮೇಲೆ ನನ್ನ ಫೋಟೋ ನೋಡಿದ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮುಂಬೈಯಲ್ಲಿ ಯಾರು ಕೇಳುತ್ತಾರೋ ಬಿಡುತ್ತಾರೋ, ನಮ್ಮ ಮಂದಿ ಕೇಳಬೇಕು ಅನ್ನುವ ಹುಚ್ಚು ನನಗೆ.

ಜೇವರ್ಗಿಯ ಕ್ಯಾಸೆಟ್ಟು ಅಂಗಡಿಯಲ್ಲಿ ಇಡಿಸಿದೆ. ನಾನು ಅಲ್ಲೇ ನಿಂತಿದ್ದಾಗ ಒಬ್ಬ ರೈತ ವಾಪಸು ತಂದ. ಹಾಡೆಲ್ಲ ಅಳಿಸಿಹೋಗಿವೆ, ಬರೀ ಬಾಜಾ ಉಳಿದಿದೆ ಅಂತ ಅವನ ತಕರಾರು. ನನ್ನ ಮುಖ ಸಣ್ಣದಾಯಿತು. ಅಂಗಡಿಯವನು ಮಾತ್ರ ತಣ್ಣಗೆ ಹೇಳಿದ, "ಹಾಡೂದು ನೀವು. ಅದಕ್ಕ ಜಾಗಾ ಬಿಟ್ಟಾರ."

ಮರುವಾರ ಆ ರೈತನೇ ಬಂದು ಇನ್ನೊಂದು ಒಯ್ದನಂತೆ. ಬಾಂಬಿನ ಸಂಗೀತಕ್ಕೆ ಅವರೂರ ಭಜನೆ ಭಾಳ ಛಲೋ ಕೂಡುತ್ತಿತ್ತಂತೆ.

ಅಫಜಲಪುರದ ಹಂದರ

ಹೆಂಡತಿಯ ತಮ್ಮನ ಮದುವೆ ಅಫಜಲಪುರದಲ್ಲಿ. ಊರ ತುಂಬಾ ಕೇಳುವಂತೆ ಮೈಕು ಕಟ್ಟಿದ್ದರು. ಮಾವ ಅಭಿಮಾನದಿಂದ ನನ್ನ ಕ್ಯಾಸೆಟ್ಟನ್ನು ಮೈಕಿನವನಿಗೆ ಕೊಟ್ಟು, ಅಳಿಯಂದಿರದೇ ಹಚ್ಚಬೇಕು ಅಂತ ತಾಕೀತು ಮಾಡಿದರು. ನನಗೆ ಒಂದು ಕಡೆ ಕೂಡಲಾಗದು.

ಮೊದಲು ಬೆನ್ನಟ್ಟುವ ಸಂಗೀತ ಬಂತು. ಬೀಗರು ಪುರಿ ತಿನ್ನುವುದನ್ನು ಬಿಟ್ಟು ಗಡಬಡಿಸಿ ಹಂದರಕ್ಕೆ ಬಂದರು. ಆಮೇಲೆ ಭೂತಬಂಗಲೆ. ಹೆಂಗಸರು ಒಬ್ಬೊಬ್ಬರಾಗಿ ಹಿಂದಿರುಗಿ ನೋಡತೊಡಗಿದರು. ಮದುಮಗ ತಾಳಿ ಕೈಗೆತ್ತಿಕೊಳ್ಳುವುದಕ್ಕೂ ಬಾಂಬಿನ ಸಂಗೀತ ಸುರುವಾಗುವುದಕ್ಕೂ ಸರಿಹೋಯಿತು. ಧುಮ್... ಧುಮ್... ಸ್ವಲ್ಪ ಜೋರು, ಇನ್ನೂ ಸ್ವಲ್ಪ ಜೋರು. ಹಂದರವೇ ಉಸಿರು ಹಿಡಿಯಿತು. ಮದುಮಗ ಮೈಕಿನ ಕಡೆ ನೋಡುತ್ತಾ ಕಟ್ಟಹೋದರೆ ಗಂಟು ಬೀಳಲೊಲ್ಲದು. ನಾನು ಬರೆದದ್ದರಲ್ಲಿ ಅಲ್ಲೊಂದು ನಿಲುಗಡೆ ಇದೆ. ಒಮ್ಮೆಲೇ ಎಲ್ಲ ನಿಂತು ಸದ್ದಿಲ್ಲ.

ಆ ಮೌನದಲ್ಲಿ ಮದುವೆ ಮಾಡಿಸುತ್ತಿದ್ದ ಅಯ್ಯನವರ ದನಿ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು:

"ಲಗೂ ಕಟ್ಟೋ ತಮ್ಮಾ, ಏನೋ ಬರಾಕತ್ತದ."

ಅವನು ಕಟ್ಟೇಬಿಟ್ಟ. ಅಕ್ಕಿಕಾಳು ಮಳೆಯಂತೆ ಬಿದ್ದವು. ನನಗೆ ನಗು, ಕಣ್ಣಲ್ಲಿ ನೀರು, ಎರಡೂ ಕೂಡಿ ಬಂದವು. ನನ್ನ ಬೇಸನ್ನು ಅಷ್ಟು ಮಂದಿ ಅಷ್ಟು ಮನಸ್ಸಿಟ್ಟು ಎಂದೂ ಕೇಳಿರಲಿಲ್ಲ.

ಊಟಕ್ಕೆ ಕೂತಾಗ ಅಯ್ಯನವರು ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಬೈಯುತ್ತಾರೆಂದು ತಲೆ ಬಗ್ಗಿಸಿದೆ. ಅವರು ಮೆಲ್ಲಗೆ ಕೇಳಿದರು:

"ಆ ಕ್ಯಾಸೆಟ್ಟು ನನಗೊಂದು ಕೊಡ್ತೀರೇನ್ರಿ? ಇಷ್ಟು ವರ್ಷದಾಗ ಮುಹೂರ್ತಕ್ಕ ಸರಿಯಾಗಿ ತಾಳಿ ಕಟ್ಟಿದ್ದು ಇದೇ ಮೊದಲ ಮದುವಿ."