ಕಾಲಿಗೆ ಬೆಣ್ಣೆ

ನಮ್ಮ ಸೋದರತ್ತೆ ಮುಖ ತೊಳೆಯುವುದನ್ನು ಮರೆತರೂ ಮರೆತಾಳು, ಕಾಲಿಗೆ ಬೆಣ್ಣೆ ಹಚ್ಚಿಕೊಳ್ಳುವುದನ್ನು ಮಾತ್ರ ಎಂದೂ ಮರೆತವಳಲ್ಲ. ಅದೂ ಎಂಥ ಬೆಣ್ಣೆ? ಆಗಷ್ಟೇ ಕಡೆದು ತೆಗೆದದ್ದು, ಇನ್ನೂ ಮಜ್ಜಿಗೆ ಜಿನುಗುತ್ತಿರುವಂಥದ್ದು. ಮೊಣಕಾಲಿನಿಂದ ಪಾದದವರೆಗೆ ಒಂದು ಸುತ್ತು, ಅಂಗೈಗಳಿಗೆ ಇನ್ನೊಂದು ಸುತ್ತು. ಮುಖಕ್ಕೆ? ಮುಖಕ್ಕೆ ಏನೂ ಇಲ್ಲ. ಅದನ್ನು ಹೊಸದುರ್ಗದ ಬಿಸಿಲು ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಳು.

ಎಪ್ಪತ್ತರ ದಶಕದ ಮಾತು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಸ್ನೋ, ಪೌಡರು ಕಲಿಯುತ್ತಿದ್ದ ಕಾಲ. ನಮ್ಮಮ್ಮ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಅತ್ತಿಗಮ್ಮ, ಅದೇ ಬೆಣ್ಣೇಲಿ ಚೂರು ಮುಖಕ್ಕೂ ಹಚ್ಕಳ್ರಿ. ಕೆನ್ನೆ ನೋಡ್ರಿ, ಹೆಂಗೆ ಸುಕ್ಕಾಗೈತೆ."

"ಕೆನ್ನೆ ಮ್ಯಾಲೆ ಯಾರನ್ನ ಮಲಗಿಸ್ಬೇಕು?" ಎಂದಳು ಅತ್ತೆ.

ಅತ್ತೆಗೆ ಮಕ್ಕಳಿರಲಿಲ್ಲ. ಆದರೆ ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಎರೆಯಲು ಅವಳಿಗೇ ಕರೆ ಬರುತ್ತಿತ್ತು. ಬಚ್ಚಲಲ್ಲಿ ಸೀರೆಯನ್ನು ಮೊಣಕಾಲಿಗೆ ಸರಿಸಿ, ಎರಡೂ ಕಾಲು ಚಾಚಿ ಮಣೆಯ ಮೇಲೆ ಕೂರುವಳು. ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದರೆ ಎಂಥ ಹಠಮಾರಿಯೂ ಅಲ್ಲೇ ತೂಕಡಿಸುತ್ತಿತ್ತು. ನಾನೂ ನನ್ನ ತಮ್ಮಂದಿರೂ ಮಲಗಿದ್ದು ಅದೇ ಕಾಲುಗಳ ಮೇಲೆ. ಒಂದು ಕೂಸು ಅವಳದೇ ಎಂಬಂತೆ ಅವಳ ಮೈಗೆ ತಾಗಿ ಮಲಗುತ್ತಿದ್ದದ್ದು ಆ ಬಚ್ಚಲಲ್ಲಿ ಮಾತ್ರ.

ನಲವತ್ತೈದು ದಾಟಿ ಮುಟ್ಟು ನಿಂತ ಮೇಲೆ ಅವಳ ಚರ್ಮ ಒಣಗತೊಡಗಿತು. ಕಾಲು ಬಿಳಿಚಿಕೊಂಡು ಹೊಟ್ಟು ಏಳುತ್ತಿತ್ತು, ಅಂಗೈ ಬಿರುಕು ಬಿಟ್ಟಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಗೊತ್ತಾದದ್ದು ಮದಕರಿಪುರದ ನೆಂಟರ ಮನೆಯಲ್ಲಿ. ಎರೆದು ಮುಗಿಸುವಷ್ಟರಲ್ಲಿ ಕೂಸಿನ ಬೆನ್ನ ಮೇಲೆ ಕೆಂಪು ಗೀರುಗಳು ಎದ್ದಿದ್ದವು. ಆ ಮನೆಯ ಹಿರಿಯಾಕೆ ದನಿಯನ್ನೇನೂ ಏರಿಸಲಿಲ್ಲ.

"ವಯಸ್ಸಾತಲ್ಲಮ್ಮ, ನಿಮ್ಮ ಕೈ ಒರಟಾಗೈತೆ. ನಾಳೆಯಿಂದ ಬೇರೆಯೋರು ಎರೀತಾರೆ, ನೀವು ಕುಂತ್ಕಂಡು ನೋಡ್ರಿ" ಎಂದರು.

ಅತ್ತೆ ಕೂತು ನೋಡಲಿಲ್ಲ. ಸಿಕ್ಕ ಬಸ್ಸು ಹತ್ತಿ ನೇರ ನಮ್ಮ ಮನೆಗೆ ಬಂದು, ಅಮ್ಮನ ಮುಂದೆ ಎರಡೂ ಅಂಗೈ ಚಾಚಿ, "ಇನ್ನು ನನ್ನ ಯಾರೂ ಕರಿಯಲ್ಲ ಕಣೆ" ಎಂದು ಅತ್ತಳು.

ಬೆಣ್ಣೆ ಶುರುವಾದದ್ದು ಮರುದಿನದಿಂದ. ಬೂದಿ ಹಾಕಿ ಪಾತ್ರೆ ತಿಕ್ಕುವುದು ಬಂದ್. ಬಾವಿಯ ಹಗ್ಗ ಮುಟ್ಟುವುದು ಬಂದ್. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾವ, ಅಂದರೆ ಅತ್ತೆಯ ಗಂಡ, ಬೆಳಗೆದ್ದು ಪಂಚೆ ಎತ್ತಿ ಕಟ್ಟಿ ನೀರು ಸೇದತೊಡಗಿದರು. ಬೀದಿಯವರು ನಕ್ಕರು. ಮಾವನಿಗೆ ಆ ನಗುವಿನ ಚಿಂತೆಯಿರಲಿಲ್ಲ, ಚಿಂತೆಯಿದ್ದದ್ದು ಬೆಣ್ಣೆ ಕಾಣದ ರೊಟ್ಟಿಯದು.

"ಲೇ, ನಿನ್ನ ಕಾಲಿಗಿರೋ ಯೋಗ ನನ್ನ ರೊಟ್ಟಿಗಿಲ್ವಲ್ಲೇ."

"ರೊಟ್ಟಿ ಒಣಗಿದ್ರೆ ನೀವೊಬ್ರೇ ಬಯ್ತೀರಿ. ಸುಮ್ನೆ ತಿನ್ರಿ."

ಬೆಣ್ಣೆಯ ವಾಸನೆ ಹಿಡಿದು ಬೀದಿಯ ಬೆಕ್ಕೊಂದು ಜಗಲಿಗೆ ಬಂದು ಕೂರತೊಡಗಿತು. ಅತ್ತೆ ಕಂಬಕ್ಕೊರಗಿ ಕಣ್ಣು ಮುಚ್ಚಿದರೆ ಸಾಕು, ಅದು ಹೆಬ್ಬೆರಳಿನಿಂದ ನೆಕ್ಕಲು ಶುರು ಮಾಡುತ್ತಿತ್ತು. ಅದರ ಕಾಟಕ್ಕೆ ಅವಳು ಮಾವನ ಹಳೆಯ ಕಾಲುಚೀಲ ಏರಿಸಿದಳು. ಬೇಸಿಗೆಯಲ್ಲಿ, ಹೊಸದುರ್ಗದಲ್ಲಿ, ಉಣ್ಣೆಯ ಕಾಲುಚೀಲ! ಹೊಳಲ್ಕೆರೆಯಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ನನ್ನನ್ನು ಬಿಟ್ಟು ಅವಳ ಕಾಲನ್ನೇ ನೋಡುತ್ತ ಕೂತರು.

ಗಂಡಿನ ತಾಯಿ ಮರುಕದಿಂದ ಕೇಳಿದರು, "ಕಾಲಿಗೇನಾಗೈತಮ್ಮ?"

"ಏನೂ ಆಗಬಾರದು ಅಂತ ಹಾಕ್ಕಂಡಿದೀನಿ. ನಾಳೆ ನಿಮ್ಮನೆ ಕೂಸಿಗೆ ಬೇಕಾಗ್ತವೆ" ಎಂದಳು ಅತ್ತೆ.

ಕಾಫಿ ತಟ್ಟೆ ಹಿಡಿದಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಂಬಂಧವೇನೋ ಕುದುರಿತು.

ಕೈ ಮೆತ್ತಗಾಯಿತೋ ಇಲ್ಲವೋ ತಿಳಿಯಲು ಅವಳದೇ ಒಂದು ಪರೀಕ್ಷೆಯಿತ್ತು. ಕೈ ತೊಳೆದು ಒರೆಸಿಕೊಂಡು, ಟ್ರಂಕಿನಿಂದ ತನ್ನ ಮದುವೆಯ ರೇಷ್ಮೆ ಸೀರೆ ತೆಗೆದು, ಸೆರಗಿನ ಮೇಲೆ ಅಂಗೈ ಎಳೆಯುವಳು. ನುಣುಪಾದ ಕೈ ಜಾರಿ ಹೋಗುತ್ತದೆ, ಒರಟು ಕೈಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲವೂ "ಹಿಡೀತು" ಎಂದು ಸಣ್ಣಗೆ ಹೇಳಿ ಮಡಿಚಿಡುವಳು. ಬೆಣ್ಣೆಯ ಜೊತೆಗೆ ಹರಳೆಣ್ಣೆ ಬಂತು, ಹಾಲಿನ ಕೆನೆ ಬಂತು. ಕಾಲು ನುಣುಪಾದವು, ಅಂಗೈ ಮಾತ್ರ ಮಾತು ಕೇಳಲಿಲ್ಲ. ಕೊನೆಗೆ ಸೆರಗೆಲ್ಲ ಎಳೆ ಕಿತ್ತು ಜೂಲು ಜೂಲಾಯಿತು. ಮದಕರಿಪುರದ ಸುದ್ದಿ ಬಳಗದಲ್ಲೆಲ್ಲ ಹಬ್ಬಿತ್ತು. ಎರೆಯಲು ಯಾರೂ ಕರೆಯಲಿಲ್ಲ.

ನನ್ನ ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಅತ್ತೆಯೇ ಎರೆಯಬೇಕೆಂದು ಹೇಳಿಕಳಿಸಿದೆ. ಬಂದಳು, ಬಗಲಲ್ಲಿ ಆ ರೇಷ್ಮೆ ಸೀರೆ ಇಟ್ಟುಕೊಂಡು. ಹಂಡೆಯಲ್ಲಿ ನೀರು ಕಾದಿತ್ತು. ಅಮ್ಮ ಕೂಸನ್ನು ಎತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಸೆರಗು ಬಿಡಿಸಿ ಅಂಗೈ ಎಳೆದಳು. ಎಳೆ ಹಿಡಿಯಿತು.

"ಬೇರೆಯೋರ್ನ ಕರೆಸು" ಎಂದಳು ನನ್ನ ಮುಖ ನೋಡದೆ. "ನಿನ್ನ ಕೂಸಿನ ಮೈಮ್ಯಾಲೆ ಗೀರು ಬಿದ್ರೆ ನನ್ ಕೈಲಿ ತಡ್ಕಳಾಕಾಗಲ್ಲ."

"ಮೊದ್ಲು ನಂಗೆ ಎರಿ ಅತ್ತೆ. ಹೆಂಗೈತೆ ಅಂತ ನಾನು ಹೇಳ್ತೀನಿ."

ಮಣೆಯ ಮೇಲೆ ಕೂತೆ. ಎಣ್ಣೆ ಸುರಿದ ಆ ಅಂಗೈ ನನ್ನ ಬೆನ್ನ ಮೇಲೆ ಇಳಿಯಿತು. ಒರಟೇ, ಸುಳ್ಳು ಹೇಳುವುದೇಕೆ? ಆದರೆ ಹೆರಿಗೆಯಲ್ಲಿ ಬಿಗಿದುಹೋಗಿದ್ದ ನನ್ನ ಸೊಂಟ ಆ ಕೈಯ ಕೆಳಗೆ ಮೆಲ್ಲಗೆ ಸಡಿಲವಾಯಿತು. ನನಗೆ ಅಳು ಬಂತು. ನೀರು ಹೊಯ್ಯುತ್ತಿದ್ದುದರಿಂದ ಅವಳಿಗೆ ತಿಳಿಯಲಿಲ್ಲ.

"ಹೆಂಗೈತೆ?" ಎಂದಳು, ತಂಬಿಗೆ ಕೆಳಗಿಟ್ಟು.

"ಒರಟೈತೆ. ಎಣ್ಣೆ ಜಾಸ್ತಿ ಹಾಕ್ಕಂಡು ಮೆಲ್ಲಗೆ ಸವರು. ನನ್ನ ಕೂಸು ನಿನ್ನ ಕಾಲ ಮ್ಯಾಲೇ ಮಲಗ್ಬೇಕು."

ನಾನು ಮೈ ಒರೆಸಿ ಸೀರೆ ಸುತ್ತಿಕೊಂಡು ಹೊಸಿಲ ಮೇಲೆ ಕೂತೆ. ಅತ್ತೆ ಮಣೆಯ ಮೇಲೆ ಕೂತು ಸೀರೆ ಸರಿಸಿ ಕಾಲು ಚಾಚಿದಳು. ಅಷ್ಟು ದಿನದ ಬೆಣ್ಣೆ ತಿಂದ ಕಾಲುಗಳು ಹೊಗೆಗಪ್ಪಿನ ಬಚ್ಚಲಲ್ಲೂ ಮಿನುಗುತ್ತಿದ್ದವು. ಅಮ್ಮ ಕೂಸನ್ನು ಮಲಗಿಸಿದಳು. ಅದು ಚೂರು ಅತ್ತು, ಬಿಸಿನೀರು ಬೀಳುತ್ತಲೇ ಸುಮ್ಮನಾಯಿತು. ಎರೆದು ಮುಗಿಸಿದ ಅತ್ತೆ ಬಗ್ಗಿ ಅದರ ಬೆನ್ನನ್ನು ಇಂಚಿಂಚಾಗಿ ನೋಡಿದಳು. ಒಂದು ಗೀರೂ ಇರಲಿಲ್ಲ.

ಅಮ್ಮ ಹಳೆಯ ನೂಲಿನ ಸೀರೆ ಹೊದಿಸಿ ಕೂಸನ್ನು ಎತ್ತಿಕೊಳ್ಳಲು ಬಗ್ಗಿದಳು.

"ಇರ್ಲಿ ಬಿಡೆ ಒಂದೀಟು" ಎಂದಳು ಅತ್ತೆ, ಕೂಸಿನ ಬೆನ್ನ ಮೇಲಿನ ಕೈ ತೆಗೆಯದೆ. "ಮೈಮ್ಯಾಲಿನ ನೀರು ಇಳೀಲಿ."

ನೀರು ಇಳಿದು ಎಷ್ಟೋ ಹೊತ್ತಾಗಿತ್ತು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಅಲ್ಲೇ ಹೊಸಿಲ ಮೇಲೆ ನನ್ನ ಪಕ್ಕ ಕೂತಳು.