ಅತ್ತೆ ಒಪ್ಪಿದ ದ್ವೀಪ

ಕಾಣದ್ದನ್ನು ಕಂಡಂತೆ ಹೇಳಿ ಮೂವತ್ತು ವರ್ಷ ಸಂಬಳ ತೆಗೆದುಕೊಂಡವಳು ನಾನು. ಹೆದರಬೇಡಿ, ಜ್ಯೋತಿಷ್ಯವಲ್ಲ; ಬೆಟಗೇರಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತೇನೆ. ‘ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ’ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಒಂದು ವಕ್ರ ಗುಂಡು ಬರೆದು, ಸುತ್ತ ನಾಲ್ಕು ಅಲೆ ಎಳೆದು, ಕೈಯ ಸೀಮೆಸುಣ್ಣ ಝಾಡಿಸಿಕೊಂಡು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಅಲ್ಲಿಯವರ ಮನೆಯಲ್ಲಿ ನೀರಿನ ಡ್ರಮ್ಮು ಇರುವುದಿಲ್ಲವೇ ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ಮಾತ್ರ ನಗಲಿಲ್ಲ. ಅಷ್ಟು ವರ್ಷಗಳಿಂದ ನನ್ನ ತಲೆಯಲ್ಲಿಯೂ ಅದೇ ಪ್ರಶ್ನೆ ಇತ್ತು.

ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಅಂದು ಮನೆಯಲ್ಲಿ ಬೀಗರಿದ್ದರೂ ಅವರ ಕೈಗೊಂದು ಕೊಡ ಬರುತ್ತದೆ. ನಮ್ಮ ಮನೆಯ ನೀರಿನ ಖಾತೆ ಅತ್ತೆಯವರದು. ಎಪ್ಪತ್ತೆಂಟು ದಾಟಿದರೂ ಪೈಪಿನಲ್ಲಿ ಗಾಳಿ ಕೆಮ್ಮಿದರೆ ಸಾಕು, ನಮಗಿಂತ ಮೊದಲು ಎದ್ದು ನಿಂತಿರುತ್ತಾರೆ. ಹೀಗಿರುವಾಗ ನಾನು, ನಿವೃತ್ತಿಗೆ ಒಂದೇ ವರ್ಷ ಉಳಿದವಳು, ಅಷ್ಟರೊಳಗೆ ಒಂದು ದ್ವೀಪವನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದೆ. ಯಜಮಾನರು ಒಪ್ಪಿದರು, ಮಗಳು ಸಹನಾ ಕುಣಿದಳು. ಅತ್ತೆಯವರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಅವರು ಹೂಂ ಎಂದರೆ ಅಂಡಮಾನ್, ಉಹೂಂ ಎಂದರೆ ನನ್ನ ಪಾಲಿಗೆ ಬೋರ್ಡಿನ ಮೇಲಿನ ಅದೇ ಸುಣ್ಣದ ಗುಂಡು.

ಸಹನಾ ರೆಸಾರ್ಟುಗಳನ್ನು ಒಂದೊಂದಾಗಿ ಟಿವಿಯ ಮೇಲೆ ತೋರಿಸತೊಡಗಿದಳು. ನಾನು ಉಸಿರು ಬಿಗಿಹಿಡಿದು ನೋಡಿದೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು. ಮಂಚದ ಕೆಳಗೆ ಗಾಜಿನ ನೆಲ, ಅದರ ಕೆಳಗೆ ಹಳದಿ ಮೀನು. ಪ್ರತಿ ಕೋಣೆಯ ಬಾಗಿಲಲ್ಲಿ ಅವರವರದೇ ಈಜುಕೊಳ. ಲಕ್ಕುಂಡಿಯ ಬಾವಿಯಲ್ಲಿ ಅಷ್ಟು ಮೆಟ್ಟಿಲು ಇಳಿದು ಒಂದಿಷ್ಟು ನೀರಿನ ಮುಖ ನೋಡಿ ಬಂದವರು ನಾವು. ಇಲ್ಲಿ ನೀರೇ ಹಾಸಿಗೆಯ ತನಕ ಬಂದಿತ್ತು. ಸಂತೋಷಕ್ಕೋ ಭಯಕ್ಕೋ ನನ್ನ ಕಣ್ಣು ತುಂಬಿತು. ಅತ್ತೆ ಕನ್ನಡಕ ಒರೆಸಿಕೊಂಡು, ಇದನ್ನೆಲ್ಲ ತುಂಬಿಸಲು ಎಷ್ಟು ಟ್ಯಾಂಕರ್ ಬೇಕೆಂದು ಕೇಳಿದರು.

ಯಜಮಾನರಿಗೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ವ್ಯಾಪಾರ. ಚೀಲದ ಬಾಯಲ್ಲಿ ಚಲೋ ಕಾಳು ಇರುವುದು ಎಲ್ಲರಿಗೂ ಗೊತ್ತು, ನಡುವಿಗೆ ಚುಚ್ಚಿ ತೆಗೆದು ನೋಡಬೇಕು ಎನ್ನುವವರು. ರೆಸಾರ್ಟಿನವರ ಚಿತ್ರ ಬಿಟ್ಟು, ಹೋಗಿ ಬಂದವರು ಹಾಕಿದ ಮಸುಕು ಚಿತ್ರಗಳನ್ನೇ ಹುಡುಕಿ ಹುಡುಕಿ ನೋಡಿದರು. ಸಹನಾಳಿಗೆ ಮೀನಿನ ಜೊತೆ ಈಜುವ ಸೌಕರ್ಯ ಬೇಕು. ಕುಟುಂಬಕ್ಕೆ ಜೋಡಿ ಕೋಣೆ, ಹಿರಿಯರಿಗೆ ಮೆಟ್ಟಿಲಿಲ್ಲದ ದಾರಿ, ಎಷ್ಟು ಸಲವಾದರೂ ಊಟ ಇರುವ ಐದು ಹೆಸರು ಕೊನೆಗೆ ಉಳಿದವು. ಆಗ ಅತ್ತೆ ಒಂದೇ ಒಂದು ಷರತ್ತು ಹಾಕಿದರು. ಫೋನು ಮಾಡಿ, ಅಲ್ಲಿ ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಬೇಕು.

ನನ್ನ ಹಿಂದಿಯಲ್ಲಿ ಕೇಳಿದೆ. ಮೊದಲನೆಯವನು ದಿನದ ಇಪ್ಪತ್ನಾಲ್ಕು ತಾಸೂ ಬರುತ್ತದೆ ಎಂದ. ನಾನು ಬೆರಗಾಗಿ ಅತ್ತೆಯತ್ತ ನೋಡಿದೆ. ಅವರು ತಲೆ ಅಲ್ಲಾಡಿಸಿದರು.

“ಇಷ್ಟ ಸಲೀಸಾಗಿ ಸುಳ್ಳ ಹೇಳಾವ ನಾಳೆ ಊಟಕ್ಕ ಏನ ಹಾಕ್ಯಾನು? ಇನ್ನೊಬ್ಬನ್ನ ಕೇಳು.”

ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನು ಬಿಸಿನೀರೂ ದಿನವಿಡೀ ಬರುತ್ತದೆ ಎಂದು ಸೇರಿಸಿದ್ದಕ್ಕೆ ಅತ್ತೆ ಫೋನನ್ನೇ ಕಟ್ ಮಾಡಿಸಿದರು. ನಾಲ್ಕನೆಯದೂ ಹೋಯಿತು. ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರ ಇರುತ್ತದೆಂದು ನಾನು ಪಾಠ ಶುರುಮಾಡಿದೆ. ಹಾಗಿದ್ದರೆ ನಮ್ಮ ಬೋರಿನ ಸವಳು ನೀರಿಗೆ ಅದನ್ನು ಯಾಕೆ ಹಚ್ಚಿಲ್ಲ ಎಂದು ಅವರು ಕೇಳಿದರು. ನಾನು ಪಾಠ ಬಿಟ್ಟು ಮತ್ತೆ ಪಟ್ಟಿ ತೆಗೆದೆ.

ಉಳಿದದ್ದು ಒಂದೇ ಹೆಸರು. ನಂಬರು ಒತ್ತಿದೆ. ಆ ಕಡೆ ವಯಸ್ಸಾದ ದನಿ. ಆತ ತುಸು ತಡವರಿಸಿ, ಅಮ್ಮಾ, ಇದು ದ್ವೀಪ, ಸಿಹಿನೀರಿಗೆ ಸ್ವಲ್ಪ ತ್ರಾಸು, ಬೆಳಿಗ್ಗೆ ಎರಡು ತಾಸು ಸಂಜೆ ಎರಡು ತಾಸು ಬಿಡುತ್ತೇವೆ, ದಯವಿಟ್ಟು ನೋಡಿಕೊಂಡು ಬಳಸಬೇಕು ಎಂದ.

ಅತ್ತೆ ನೆಟ್ಟಗೆ ಕುಳಿತರು. “ಇವ ಖರೆ ಮಾತಾಡೋ ಮನಶಾ. ಹೋದ್ರ ಇವರಲ್ಲೇ ಹೋಗೂಣು.”

ಹೀಗೆ ಇಡೀ ಅಂಡಮಾನಿನ ವೈಭವದ ರೆಸಾರ್ಟುಗಳನ್ನು ಸೋಸಿ, ನೀರಿಗೆ ತ್ರಾಸಿರುವ ಒಂದನ್ನು ಆರಿಸಿಕೊಂಡೆವು. ಪಕ್ಕದ ಮನೆಯ ಹಸೀನಾ ನಮ್ಮ ಕೀಲಿ ಇಸಿದುಕೊಂಡು, ನೀರು ಬಂದರೆ ನಮ್ಮ ಡ್ರಮ್ಮು ತುಂಬಿಸಿಯೇ ತಮ್ಮದು ತುಂಬಿಸುವುದಾಗಿ ಮಾತು ಕೊಟ್ಟಳು.

ವಿಮಾನದಲ್ಲಿ ನಾನು ಹೆದರಿ ಕಣ್ಣು ಮುಚ್ಚಿಕೊಂಡೇ ಇದ್ದೆ. ರೆಸಾರ್ಟು ಮುಟ್ಟುವಷ್ಟರಲ್ಲಿ ಕತ್ತಲು. ಸಮುದ್ರದ ಸದ್ದನ್ನಷ್ಟೇ ಕೇಳಿ ಮಲಗಿದೆವು. ಮರುದಿನ ನಸುಕಿನಲ್ಲಿ ಮೂವರೂ ದಂಡೆಗೆ ಹೊರಟರು. ನಾನೂ ಚಪ್ಪಲಿ ಮೆಟ್ಟಿದ್ದೆ; ಅಷ್ಟರಲ್ಲಿ ಸ್ನಾನದ ಮನೆಯ ಪೈಪು ಕೆಮ್ಮಿತು. ಈಗ ಬಂದೆ ಎಂದು ಒಳಗೆ ಹೋದವಳು ಬಿಳಿ ತೊಟ್ಟಿ ತುಂಬಿಸಿದೆ, ಬಕೆಟ್ ತುಂಬಿಸಿದೆ, ಚಹಾದ ಕೆಟ್ಲಿ, ನಾಲ್ಕು ಗ್ಲಾಸು, ಕೊನೆಗೆ ಹೂವು ತೆಗೆದಿಟ್ಟು ಹೂದಾನಿಯನ್ನೂ ಹಿಡಿದೆ. ಹೊರಗೆ ಬೆಳಕಾಗಿದ್ದು ಗೊತ್ತೇ ಆಗಲಿಲ್ಲ.

ನನ್ನನ್ನು ಹುಡುಕಿಕೊಂಡು ಅತ್ತೆ ಬಂದರು. ಸೀರೆ ಮೊಳಕಾಲ ತನಕ ತೊಯ್ದಿತ್ತು. ನೀರು ಬಂದಿದೆ, ಇದೊಂದು ತುಂಬಿಸಿ ಬರುತ್ತೇನೆ ಎಂದೆ. ಅವರು ಕೈ ಚಾಚಿ ನಲ್ಲಿ ಬಂದ್ ಮಾಡಿದರು. ಬರುತ್ತಿರುವ ನೀರನ್ನು ಅವರು ಬಂದ್ ಮಾಡಿದ್ದನ್ನು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ನೋಡಿರಲಿಲ್ಲ.

ಕೈ ಹಿಡಿದು ಕರೆದುಕೊಂಡು ಹೋದರು. ಸಮುದ್ರ ಅಲ್ಲಿತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಎಲ್ಲಿಯೂ ಮುಗಿಯಲಿಲ್ಲ. ಯಾರೂ ಕಾಯದ, ಪಾಳಿ ಹಚ್ಚದ ಅಷ್ಟು ನೀರು ಎದ್ದು ಬಂದು ನಮ್ಮ ಕಾಲು ಮುಟ್ಟಿ ಹೋಗುತ್ತಿತ್ತು. ಅತ್ತೆ ಮೆಲ್ಲಗೆ ಹೇಳಿದರು:

“ಮೂವತ್ತ ವರ್ಷ ಇದನ್ನ ಕಲಿಸಿದಿ. ಹಿಂಗ ಇರ್ತೈತಂತ ನನಗ ಒಮ್ಮೇನೂ ಹೇಳಲಿಲ್ಲಲ್ಲ.”

ನಾಲ್ಕೂ ಕಡೆ ನೀರು ಎಂದು ಹೇಳಿದ್ದೆನಲ್ಲ ಎನ್ನಲು ಹೊರಟಿದ್ದೆ. ಆಗಲೇ ತಿಳಿದದ್ದು, ನನ್ನ ಎಡಗೈಯಲ್ಲಿ ಹೂದಾನಿ ಹಾಗೇ ಇತ್ತು, ಕಂಠದ ತನಕ ತುಂಬಿ. ಅಷ್ಟು ದೂರ ನಡೆದರೂ ಒಂದು ಹನಿ ಚೆಲ್ಲಿರಲಿಲ್ಲ.